ಚೀಲದ ಚಿತ್ರದಲ್ಲಿನ ಪದರಗಳು: ಹೆಸರಿಡುವ ಶಿಸ್ತು ಯಾರ ಹೊಣೆ?

ನಮ್ಮ ರಾಜ್ಯದ ಅಕ್ಕಿ ಮಾರುಕಟ್ಟೆಯಲ್ಲಿ 26 ಕಿಲೋ ಚೀಲವೆಂಬ ಅಳತೆಯೊಂದು ರೂಢಿಗೆ ಬಂದಿರುವುದು ಸದಸ್ಯರೆಲ್ಲರಿಗೂ ತಿಳಿದ ಸಂಗತಿ. ಅದರ ಕಾರಣವೂ ತಿಳಿದದ್ದೇ. 2022ರ ಜುಲೈ 18ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಮುಂಚಿತವಾಗಿ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಅಕ್ಕಿಗೆ 25 ಕಿಲೋವರೆಗೆ ಶೇ. 5ರಷ್ಟು ಜಿ.ಎಸ್.ಟಿ. ಸಲ್ಲಬೇಕು, ಅದಕ್ಕೆ ಮೇಲ್ಪಟ್ಟ ಒಂಟಿ ಚೀಲಕ್ಕೆ ಸಲ್ಲಬೇಕಿಲ್ಲ. ಅದಕ್ಕೂ ಮೊದಲು, ಅಂದರೆ 2017ರ ಜುಲೈ 1ರಂದು ಜಿ.ಎಸ್.ಟಿ. ಆರಂಭವಾದಾಗ, ತೆರಿಗೆ ಇದೆಯೋ ಇಲ್ಲವೋ ಎಂಬುದನ್ನು ನೋಂದಾಯಿತ ಬ್ರಾಂಡ್ ಹೆಸರು ನಿರ್ಧರಿಸುತ್ತಿತ್ತು. ಈಗ ಚೀಲದ ಮೇಲಿನ ಬರಹ ಮತ್ತು ಅದರಲ್ಲಿ ನಮೂದಾದ ತೂಕ ನಿರ್ಧರಿಸುತ್ತವೆ. ಅಂದರೆ ಲೇಬಲ್ಲು ಕೇವಲ ಜಾಹೀರಾತಲ್ಲ. ಇನ್‌ವಾಯ್ಸಿನಷ್ಟೇ ಗಂಭೀರವಾದ ದಾಖಲೆ.

ಇಷ್ಟು ಮಹತ್ವದ ದಾಖಲೆ ಎಲ್ಲಿ ಹುಟ್ಟುತ್ತದೆ? ಡಿ.ಟಿ.ಪಿ. ಆಪರೇಟರ ಗಣಕಯಂತ್ರದಲ್ಲಿ. ಅಲ್ಲಿ 25 ಕಿಲೋ ಚೀಲವೂ 26 ಕಿಲೋ ಚೀಲವೂ ಬಹುಮಟ್ಟಿಗೆ ಒಂದೇ ಚಿತ್ರ: ಅದೇ ಭತ್ತದ ತೆನೆ, ಅದೇ ಬ್ರಾಂಡ್ ಹೆಸರು, ಅದೇ ವಿಳಾಸ. ವ್ಯತ್ಯಾಸವಿರುವುದು ಒಂದೆರಡು ಸಾಲುಗಳಲ್ಲಿ ಮಾತ್ರ. ಆ ಒಂದೆರಡು ಸಾಲುಗಳನ್ನು ಕಡತದೊಳಗೆ ಎಲ್ಲಿ, ಯಾವ ಹೆಸರಿನಲ್ಲಿ ಇಟ್ಟಿದ್ದಾರೆಂಬುದನ್ನು ಗಿರಣಿಯ ಮಾಲೀಕರು ಎಂದೂ ಕೇಳುವುದಿಲ್ಲ. ದಾವಣಗೆರೆಯಿಂದ ಹರಿಹರ, ಗುತ್ತೂರಿನವರೆಗೆ ನಮ್ಮ ಭಾಗದ ಉದ್ಯಮಿಗಳು ಇದನ್ನು ಕೇಳಬೇಕೆಂಬುದೇ ಈ ಲೇಖನದ ಉದ್ದೇಶ. ಆಪರೇಟರ್ ವೃತ್ತಿಯವರಿಗೆ ಪಾಠ ಹೇಳುವುದು ನನ್ನ ಉದ್ದೇಶವಲ್ಲ. ಅವರಿಂದ ಏನನ್ನು ಅಪೇಕ್ಷಿಸಬೇಕೆಂಬುದು ಮಾಲೀಕರಿಗೆ ತಿಳಿದಿರಲಿ ಎಂಬುದಷ್ಟೇ.

ಪದರವೆಂದರೇನು?

ಪುಟವಿನ್ಯಾಸ ತಂತ್ರಾಂಶದಲ್ಲಿ ಲೇಯರ್ ಎಂದು ಕರೆಯುವ ಪದರವನ್ನು ಪಾರದರ್ಶಕ ಹಾಳೆಗೆ ಹೋಲಿಸಬಹುದು. ಒಂದರ ಮೇಲೊಂದು ಹಾಳೆಗಳನ್ನು ಪೇರಿಸಿ ಮೇಲಿನಿಂದ ನೋಡಿದರೆ ಎಲ್ಲವೂ ಸೇರಿ ಒಂದೇ ಚಿತ್ರವಾಗಿ ಕಾಣುತ್ತದೆ. ಒಂದು ಹಾಳೆಯನ್ನು ತೆಗೆದರೆ ಅದರ ಮೇಲಿನ ಬರಹ ಮಾತ್ರ ಮರೆಯಾಗುತ್ತದೆ. ಉಳಿದದ್ದು ಹಾಗೆಯೇ ಇರುತ್ತದೆ. ಪ್ರತಿಯೊಂದು ಹಾಳೆಯ ಮೇಲೆ ಅಕ್ಷರದ ಚೌಕಟ್ಟು, ಚಿತ್ರದ ಚೌಕಟ್ಟು, ಗೆರೆ ಮುಂತಾದ ಬಿಡಿ ವಸ್ತುಗಳಿರುತ್ತವೆ. ಇವನ್ನು ಆಬ್ಜೆಕ್ಟ್ ಎನ್ನುತ್ತಾರೆ.

ನಮ್ಮೂರಿನ ಮುದ್ರಣಾಲಯಗಳಲ್ಲಿ ಬಹುಕಾಲ ಆಳಿದ್ದು ಪೇಜ್‌ಮೇಕರ್. 1985ರಲ್ಲಿ ಆಲ್ಡಸ್ ಕಂಪನಿಯಿಂದ ಬಂದ ಈ ತಂತ್ರಾಂಶ 1994ರಲ್ಲಿ ಅಡೋಬಿ ಕಂಪನಿಯ ಪಾಲಾಯಿತು, 2001ರ 7.0 ಆವೃತ್ತಿಯೇ ಅದರ ಕೊನೆಯದು. ಅದರಲ್ಲಿ ಪದರಗಳಿದ್ದವು, ಆದರೆ ಪದರದೊಳಗಿನ ಒಂದೊಂದು ಆಬ್ಜೆಕ್ಟಿಗೂ ಹೆಸರಿಡುವ ವ್ಯವಸ್ಥೆ ಇರಲಿಲ್ಲ. 1999ರಲ್ಲಿ ಆರಂಭವಾದ ಇಂಡಿಸೈನ್ 2010ರ ಸಿ.ಎಸ್. 5 ಆವೃತ್ತಿಯಲ್ಲಿ ಆ ಕೊರತೆಯನ್ನು ನೀಗಿತು. ಪದರದ ಹೆಸರಿನ ಪಕ್ಕದ ತ್ರಿಕೋನವನ್ನು ಒತ್ತಿದರೆ, ತೆರೆದಿರುವ ಪುಟಗಳಲ್ಲಿ ಆ ಪದರಕ್ಕೆ ಸೇರಿದ ಎಲ್ಲ ಆಬ್ಜೆಕ್ಟ್‌ಗಳ ಪಟ್ಟಿ ಇಳಿಯುತ್ತದೆ. ಪ್ರತಿಯೊಂದನ್ನೂ ಬೇರೆಯಾಗಿ ಮರೆಮಾಡಬಹುದು, ಬೀಗ ಹಾಕಬಹುದು, ಹೆಸರು ಬದಲಿಸಬಹುದು. ಕೋರೆಲ್ ಡ್ರಾ ಬಳಸುವವರಿಗೆ ಇದು ಮೊದಲಿನಿಂದಲೂ ಪರಿಚಿತ. ಹಳೆಯ ಆವೃತ್ತಿಗಳಲ್ಲಿ ಆಬ್ಜೆಕ್ಟ್ ಮ್ಯಾನೇಜರ್ ಎಂದೂ ಈಚಿನವುಗಳಲ್ಲಿ ಆಬ್ಜೆಕ್ಟ್ಸ್ ಎಂದೂ ಕರೆಯುವ ಕಿಟಕಿಯಲ್ಲಿ ಇದೇ ಕೆಲಸ ನಡೆಯುತ್ತದೆ. ಹಣ ಕೊಡದೆ ದೊರೆಯುವ ಸ್ಕ್ರೈಬಸ್ ತಂತ್ರಾಂಶದಲ್ಲಿಯೂ ಪದರಗಳಿವೆ, ಆಬ್ಜೆಕ್ಟಿಗೆ ಹೆಸರಿಡಲು ಸ್ಥಳವಿದೆ.

ಹೆಸರಿಲ್ಲದ ಪದರ, ಸಸ್ಪೆನ್ಸ್ ಖಾತೆ

ಸೌಲಭ್ಯವಿದೆ, ಬಳಕೆಯಿಲ್ಲ. ಹೊಸ ಪದರ ಸೇರಿಸಿದಾಗ ತಂತ್ರಾಂಶ ತಾನಾಗಿಯೇ ಲೇಯರ್ 1, ಲೇಯರ್ 2, ಲೇಯರ್ 3 ಎಂದು ಹೆಸರಿಡುತ್ತದೆ. ಬಹುತೇಕ ಕಡತಗಳಲ್ಲಿ ಆ ಹೆಸರುಗಳೇ ಕೊನೆಯವರೆಗೂ ಉಳಿಯುತ್ತವೆ. ಖತಾವಣಿಯಲ್ಲಿ ಖಾತೆ 1, ಖಾತೆ 2 ಎಂದಷ್ಟೇ ಬರೆದು, ಯಾವುದು ಬಾಡಿಗೆ, ಯಾವುದು ಹಮಾಲಿ ಎಂಬುದನ್ನು ಗುಮಾಸ್ತರ ನೆನಪಿಗೆ ಬಿಟ್ಟರೆ ಹೇಗಿರುತ್ತದೆಯೋ ಹಾಗೆ. ಗುಮಾಸ್ತರು ಇರುವವರೆಗೆ ಲೆಕ್ಕ ಸರಿ ಹೋಗುತ್ತದೆ. ಅವರು ಕೆಲಸ ಬಿಟ್ಟ ದಿನ ಎಲ್ಲವೂ ಸಸ್ಪೆನ್ಸ್ ಖಾತೆಯೇ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಇಂಗ್ಲಿಷಿನ ಕೈಪಿಡಿಗಳು ಇದನ್ನು ಹೇಳುವುದಿಲ್ಲ. ಹೆಸರಿಡದ ಅಕ್ಷರ ಚೌಕಟ್ಟಿಗೆ ಇಂಡಿಸೈನ್ ಅದರೊಳಗಿನ ಬರಹದ ಮೊದಲ ಕೆಲವು ಅಕ್ಷರಗಳನ್ನೇ ಹೆಸರಾಗಿ ತೋರಿಸುತ್ತದೆ. ಇಂಗ್ಲಿಷ್ ಬರಹವಾದರೆ ಇದು ಅನುಕೂಲವೇ. ಆದರೆ ನುಡಿ, ಶ್ರೀಲಿಪಿ ಮುಂತಾದವುಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ಆಕಾರವನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂಡಿಸಿರುತ್ತಾರೆ. ಪುಟದ ಮೇಲೆ ಅಂದವಾದ ಕನ್ನಡ ಕಾಣುತ್ತದೆ; ಪದರಗಳ ಪಟ್ಟಿಯಲ್ಲಿ ಮಾತ್ರ ಅದೇ ಬರಹ ಚುಕ್ಕೆ, ಕೊಂಬು ಹೊತ್ತ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ನಿವ್ವಳ ತೂಕ ಯಾವುದು, ವಿಳಾಸ ಯಾವುದು ಎಂದು ಪಟ್ಟಿ ನೋಡಿ ಹೇಳುವುದು ಆಪರೇಟರಿಗೂ ಸಾಧ್ಯವಿಲ್ಲ. ಆದುದರಿಂದ ಇಂಗ್ಲಿಷಿನವರಿಗೆ ಐಚ್ಛಿಕವಾದದ್ದು ನಮಗೆ ಅನಿವಾರ್ಯ: ಪ್ರತಿ ಚೌಕಟ್ಟಿಗೂ ಕೈಯಾರೆ ಹೆಸರಿಡಬೇಕು. ಯೂನಿಕೋಡ್ ಕನ್ನಡದಲ್ಲಿ ಸಿದ್ಧಪಡಿಸಿದ ಕಡತಗಳಲ್ಲಿ ಈ ತೊಂದರೆಯಿಲ್ಲ. ಆದರೆ ನಮ್ಮ ಉದ್ಯಮಿಗಳ ಹಳೆಯ ಲೇಬಲ್‌ಗಳಲ್ಲಿ ಬಹಳಷ್ಟು ನುಡಿಯ ಕಾಲದವು. ಒಂದೇ ದಿನದಲ್ಲಿ ಅವನ್ನೆಲ್ಲ ಪರಿವರ್ತಿಸುವುದು ಆಗದ ಮಾತು.

ಯಾವ ಆಧಾರದ ಮೇಲೆ ವಿಂಗಡಿಸಬೇಕು?

ಸಾಮಾನ್ಯವಾಗಿ ಆಪರೇಟರುಗಳು ಚಿತ್ರಗಳು ಒಂದು ಪದರ, ಅಕ್ಷರಗಳು ಇನ್ನೊಂದು ಪದರ ಎಂದು ವಿಂಗಡಿಸುತ್ತಾರೆ. ಇನ್ನು ಕೆಲವರು ಪುಟಕ್ಕೊಂದು ಪದರ ಮಾಡುತ್ತಾರೆ. ಇದು ವ್ಯರ್ಥ ಶ್ರಮ, ಏಕೆಂದರೆ ಇಂಡಿಸೈನಿನಲ್ಲಿ ಒಂದು ಪದರ ಇಡೀ ಕಡತದ ಎಲ್ಲ ಪುಟಗಳಿಗೂ ಅನ್ವಯಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ವಿಂಗಡಣೆಗೆ ಸರಿಯಾದ ಪ್ರಶ್ನೆ ಬೇರೆಯೇ ಇದೆ. ಈ ಬರಹ ಯಾವಾಗ ಬದಲಾಗುತ್ತದೆ, ಅದನ್ನು ಬದಲಿಸಲು ಯಾರ ಒಪ್ಪಿಗೆ ಬೇಕು? ಒಂದೇ ಕಾರಣಕ್ಕೆ, ಒಬ್ಬರದೇ ಒಪ್ಪಿಗೆಯಿಂದ ಬದಲಾಗುವ ಬರಹಗಳೆಲ್ಲ ಒಂದೇ ಪದರದಲ್ಲಿರಲಿ.

ಅಕ್ಕಿ ಚೀಲವನ್ನೇ ತೆಗೆದುಕೊಳ್ಳೋಣ. ಬ್ರಾಂಡ್ ಹೆಸರು, ತೆನೆಯ ಚಿತ್ರ, ಹಿನ್ನೆಲೆಯ ಬಣ್ಣ ವರ್ಷಗಟ್ಟಲೆ ಬದಲಾಗುವುದಿಲ್ಲ. ಇವು ಒಂದು ಪದರ, ಅದಕ್ಕೆ ಸದಾ ಬೀಗ. ತಯಾರಕರ ಹೆಸರು, ವಿಳಾಸ, ಗ್ರಾಹಕರು ದೂರು ನೀಡಬೇಕಾದ ದೂರವಾಣಿ, 14 ಅಂಕಿಗಳ ಎಫ್.ಎಸ್.ಎಸ್.ಎ.ಐ. ಪರವಾನಗಿ ಸಂಖ್ಯೆ, ಹಸಿರು ಚೌಕದೊಳಗಿನ ಹಸಿರು ವೃತ್ತದ ಸಸ್ಯಾಹಾರ ಚಿಹ್ನೆ ಇವು ಎರಡನೆಯ ಪದರ. ಪರವಾನಗಿ ಬದಲಾದಾಗ ಅಥವಾ ಗಿರಣಿ ಸ್ಥಳಾಂತರವಾದಾಗ ಮಾತ್ರ ಇದನ್ನು ಮುಟ್ಟಬೇಕು, ಅದೂ ಮಾಲೀಕರ ಲಿಖಿತ ಸೂಚನೆಯ ಮೇರೆಗೆ. ನಿವ್ವಳ ತೂಕ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಚಿಲ್ಲರೆ ಬೆಲೆ, ಕಿಲೋ ಒಂದರ ಬೆಲೆ ಇವು ಮೂರನೆಯ ಪದರ. ಚೀಲದ ಅಂಚು, ಹೊಲಿಗೆಯ ಜಾಗ, ಕತ್ತರಿಸುವ ಗೆರೆ ತೋರಿಸುವ ರೇಖೆಗಳು ನಾಲ್ಕನೆಯದು. ಇದು ಕಣ್ಣಿಗೆ ಕಾಣಬೇಕು, ಮುದ್ರಣವಾಗಬಾರದು.

ಭಾಷೆಯ ಪ್ರಶ್ನೆಯೂ ಇಲ್ಲೇ ಬರುತ್ತದೆ. 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ ಕಡ್ಡಾಯ ಘೋಷಣೆಗಳು ದೇವನಾಗರಿ ಲಿಪಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿರಬೇಕು. ಅದರ ಜೊತೆಗೆ ಬೇರೆ ಭಾಷೆಯನ್ನು ಬಳಸಲು ಅಡ್ಡಿಯಿಲ್ಲ. ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022, ಇಲ್ಲಿ ತಯಾರಾಗುವ ಸರಕುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲಿಯೂ ಇರಬೇಕೆಂದು ಹೇಳುತ್ತದೆ. ಹಾಗಾಗಿ ಕನ್ನಡಕ್ಕೊಂದು, ಇಂಗ್ಲಿಷಿಗೊಂದು ಪದರವಿರಲಿ. ಸರಕು ಆಂಧ್ರಕ್ಕೋ ಮಹಾರಾಷ್ಟ್ರಕ್ಕೋ ಹೋಗುವಾಗ ತೆಲುಗು ಅಥವಾ ಮರಾಠಿ ಪದರವೊಂದನ್ನು ಸೇರಿಸಿದರೆ ಸಾಕು. ಇಡೀ ಚಿತ್ರವನ್ನು ಮತ್ತೊಮ್ಮೆ ಕಟ್ಟುವ ಕೆಲಸವಿಲ್ಲ.

ಕಪ್ಪು ಪ್ಲೇಟಿನ ಲೆಕ್ಕ

ಪದರಗಳ ವಿಂಗಡಣೆ ನೇರವಾಗಿ ಹಣ ಉಳಿಸುವ ಜಾಗ ಒಂದಿದೆ. ಮುದ್ರಣದಲ್ಲಿ ಪ್ರತಿ ಬಣ್ಣಕ್ಕೂ ಒಂದು ಪ್ಲೇಟು ಬೇಕು. ಗ್ರಾವ್ಯೂರ್ ವಿಧಾನದಲ್ಲಿ ಮುದ್ರಿಸುವ ಹೊಳಪಿನ ಚೀಲಗಳಿಗೆ ಪ್ರತಿ ಬಣ್ಣಕ್ಕೂ ಕೊರೆದ ಸಿಲಿಂಡರು ಬೇಕು. ಸಿಲಿಂಡರಿನ ವೆಚ್ಚವೆಷ್ಟೆಂಬುದು ಅದನ್ನು ಮಾಡಿಸಿದವರಿಗೆ ಗೊತ್ತು. ಬದಲಾಗುವ ಬರಹಗಳೆಲ್ಲ ಒಂದೇ ಪದರದಲ್ಲಿದ್ದು, ಆ ಪದರದಲ್ಲಿ ಅಪ್ಪಟ ಕಪ್ಪು ಬಣ್ಣವನ್ನಷ್ಟೇ ಬಳಸಿದ್ದರೆ, ಬೆಲೆಯೋ ತೂಕವೋ ಬದಲಾದಾಗ ಕಪ್ಪು ಬಣ್ಣದ ಒಂದು ಸಿಲಿಂಡರನ್ನು ಮಾತ್ರ ಹೊಸದಾಗಿ ಮಾಡಿಸಬೇಕಾಗುತ್ತದೆ. ಅದರ ಬದಲು, ಅಂದ ಹೆಚ್ಚಲೆಂದು ತೂಕವನ್ನು ಕೆಂಪು ಪಟ್ಟಿಯ ಮೇಲೆ ಬಿಳಿ ಅಕ್ಷರದಲ್ಲಿ ತೋರಿಸಿದ್ದರೆ? ಬಿಳಿ ಅಕ್ಷರಕ್ಕೆ ಶಾಯಿ ಇಲ್ಲ. ಹಿನ್ನೆಲೆಯ ಪ್ರತಿಯೊಂದು ಬಣ್ಣದಲ್ಲಿಯೂ ಆ ಅಕ್ಷರದ ಆಕಾರವನ್ನು ಖಾಲಿ ಬಿಟ್ಟಿರುತ್ತಾರೆ. 5 ಎಂಬ ಅಂಕಿ 6 ಆಗಬೇಕಾದರೆ ಹಿನ್ನೆಲೆಗೆ ಬಳಸಿದ ಅಷ್ಟೂ ಬಣ್ಣಗಳ ಸಿಲಿಂಡರುಗಳು ಬದಲಾಗಬೇಕು. ಕಲಾವಿದರು ಮೊದಲ ನಕ್ಷೆ ತೋರಿಸುವಾಗಲೇ ಮಾಲೀಕರು ಈ ಪ್ರಶ್ನೆ ಎತ್ತುವುದು ಮೇಲು.

2025ರ ಸೆಪ್ಟೆಂಬರ್ 22ರಂದು ಇದರ ಪರೀಕ್ಷೆಯೇ ನಡೆಯಿತು ಎನ್ನಬಹುದು. ಅಂದು ಪೊಟ್ಟಣದ ಖಾರ, ಮಿಕ್ಸ್ಚರುಗಳ ಮೇಲಿನ ತೆರಿಗೆ ಶೇ. 12ರಿಂದ 5ಕ್ಕೆ ಇಳಿಯಿತು. ಬೆಣ್ಣೆ, ತುಪ್ಪಕ್ಕೂ ಅದೇ ಇಳಿಕೆ. ಬೆಣ್ಣೆದೋಸೆಯ ಊರಿನಲ್ಲಿ ಇದು ಸಣ್ಣ ಸುದ್ದಿಯಲ್ಲ. ಗರಿಷ್ಠ ಬೆಲೆಯೆಂದರೆ ತೆರಿಗೆ ಸೇರಿದ ಬೆಲೆ. ತೆರಿಗೆ ಇಳಿದಾಗ ಅದನ್ನೂ ಪರಿಷ್ಕರಿಸಬೇಕಾಗುತ್ತದೆ. ಉಳಿದ ದಾಸ್ತಾನಿನ ಮೇಲೆ ಹೊಸ ಬೆಲೆಯ ಚೀಟಿ ಅಂಟಿಸಲು ಕೇಂದ್ರ ಸರ್ಕಾರ ಅವಕಾಶ ಕೊಟ್ಟಿತು, ಸರಿ. ಆದರೆ ಮುಂದಿನ ಮುದ್ರಣಕ್ಕೆ ಕಡತವನ್ನು ತಿದ್ದಲೇಬೇಕಲ್ಲ? ಬೆಲೆಗೆ ಪ್ರತ್ಯೇಕ ಪದರ ಮಾಡಿಕೊಂಡವರಿಗೆ ಅದು ಅರ್ಧ ಗಂಟೆಯ ಕೆಲಸ. ಮಾಡಿಕೊಳ್ಳದವರಿಗೆ 50 ಗ್ರಾಂ, 200 ಗ್ರಾಂ, 500 ಗ್ರಾಂ ಎಂದು ಒಂದೊಂದು ಕಡತವನ್ನೂ ತಡಕಾಡುವ ಕೆಲಸ. ಬೆಲೆ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕಗಳನ್ನು ಪೊಟ್ಟಣ ಕಟ್ಟುವಾಗಲೇ ಯಂತ್ರದಿಂದ ಒತ್ತುವವರು ಇನ್ನೂ ಹಗುರವಾಗಿ ಪಾರಾಗುತ್ತಾರೆ. ಅಂಥವರ ಕಡತದಲ್ಲಿ ಆ ಖಾಲಿ ಜಾಗವನ್ನು ಗುರುತಿಸುವ, ಮುದ್ರಣವಾಗದ ಒಂದು ಪದರವಿದ್ದರಾಯಿತು.

25 ಮತ್ತು 26

ಈಗ ಮೊದಲು ಹೇಳಿದ ಎರಡು ಚೀಲಗಳಿಗೆ ಬರೋಣ. ಎರಡು ಪ್ರತ್ಯೇಕ ಕಡತಗಳನ್ನು ಇಟ್ಟುಕೊಳ್ಳುವುದು ಸುಲಭವೆಂದು ತೋರಬಹುದು. ಆದರೆ ಕೆಲವೇ ತಿಂಗಳಲ್ಲಿ ಒಂದರಲ್ಲಿ ದೂರವಾಣಿ ಸಂಖ್ಯೆ ತಿದ್ದಿ, ಇನ್ನೊಂದರಲ್ಲಿ ತಿದ್ದದೆ ಬಿಟ್ಟಿರುತ್ತಾರೆ. ಒಂದೇ ಕಡತದಲ್ಲಿ ಸಮಾನ ಪದರಗಳನ್ನು ಹಂಚಿಕೊಂಡು, ‘25 ಕಿಲೋ - ತೆರಿಗೆ ಉಂಟು’, ‘26 ಕಿಲೋ - ತೆರಿಗೆ ಇಲ್ಲ’ ಎಂಬ ಎರಡು ಪದರಗಳನ್ನು ಇಡುವುದು ನನಗೆ ಸರಿಕಾಣುತ್ತದೆ. ಹೆಸರು ಹೀಗೆ ಪೂರ್ಣವಾಗಿರಬೇಕು. ಬರಿಯ ‘ತೂಕ 1’, ‘ತೂಕ 2’ ಎಂದಿಟ್ಟರೆ ಲೇಯರ್ 1, ಲೇಯರ್ 2ಕ್ಕಿಂತ ಮುಂದೆ ಹೋದಂತಾಗಲಿಲ್ಲ.

ಪದರದೊಳಗಿನ ಆಬ್ಜೆಕ್ಟ್‌ಗಳಿಗೂ ಇದೇ ಕ್ರಮ: ‘25 ನಿವ್ವಳ ತೂಕ ಕನ್ನಡ’, ‘25 ನಿವ್ವಳ ತೂಕ ಇಂಗ್ಲಿಷ್’, ‘25 ಗರಿಷ್ಠ ಬೆಲೆ’. ಪ್ರತಿ ಹೆಸರಿನ ಮೊದಲಿಗೆ 25 ಅಥವಾ 26 ಇರುವುದರಿಂದ, ಒಂದು ಚೌಕಟ್ಟು ತಪ್ಪಿ ಇನ್ನೊಂದು ಪದರಕ್ಕೆ ಸೇರಿಕೊಂಡರೆ ಪಟ್ಟಿಯನ್ನು ನೋಡಿದ ಕೂಡಲೇ ಎದ್ದು ಕಾಣುತ್ತದೆ. 26 ಕಿಲೋ ಚೀಲಕ್ಕೆ ಅಳತೆ ಕಾಯ್ದೆಯ ಚಿಲ್ಲರೆ ಪೊಟ್ಟಣದ ಘೋಷಣೆಗಳು ಅನ್ವಯಿಸದಿದ್ದರೂ ಆಹಾರ ಸುರಕ್ಷತೆಯ ಘೋಷಣೆಗಳು ತಪ್ಪುವುದಿಲ್ಲ. ಪರವಾನಗಿ ಸಂಖ್ಯೆಯನ್ನು ತೂಕದ ಪದರದಲ್ಲಿಡದೆ ಸಮಾನ ಪದರದಲ್ಲಿಡಬೇಕೆಂದು ಮೇಲೆ ಹೇಳಿದ್ದು ಇದಕ್ಕಾಗಿಯೇ.

ಎರಡೂ ಪದರಗಳನ್ನು ತೆರೆದಿಟ್ಟರೆ ಅಂಕಿಯ ಮೇಲೆ ಅಂಕಿ ಬಿದ್ದು ಯಾರಿಗಾದರೂ ತಿಳಿಯುತ್ತದೆ. ಅಪಾಯವಿರುವುದು ಒಂದನ್ನು ತೆರೆಯಬೇಕಾದಲ್ಲಿ ಇನ್ನೊಂದನ್ನು ತೆರೆದಾಗ. ಆಗ ಚಿತ್ರ ನೋಡಲು ಸರಿಯಾಗಿಯೇ ಇರುತ್ತದೆ. 26 ಎಂದು ಮುದ್ರಿಸಿದ ಚೀಲದಲ್ಲಿ 25 ಕಿಲೋ ತುಂಬಿದರೆ ತೂಕದ ಕೊರತೆಯ ಅಪರಾಧ. 25 ಎಂದು ಮುದ್ರಿಸಿದ ಚೀಲದಲ್ಲಿ 26 ಕಿಲೋ ತುಂಬಿ ತೆರಿಗೆಯಿಲ್ಲದೆ ಬಿಲ್ಲು ಹಾಕಿದರೆ, ಲೇಬಲ್ಲೇ ಬಿಲ್ಲಿನ ವಿರುದ್ಧ ಸಾಕ್ಷಿ ಹೇಳುತ್ತದೆ. ಅಧಿಕಾರಿಗಳು ತೂಕ ಹಾಕುವ ಮೊದಲು ಓದುವುದು ಚೀಲವನ್ನು. ಮಂಡಕ್ಕಿಯವರಿಗೂ ಈ ಮಾತು ಸಲ್ಲುತ್ತದೆ: ಬಿಡಿಯಾಗಿ ಮಾರಿದರೆ ತೆರಿಗೆಯಿಲ್ಲ, ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದರೆ ಶೇ. 5.

ವಾರ್ಷಿಕ ವರದಿಗಳ ವಿಷಯ

ಪೊಟ್ಟಣವಿಲ್ಲದ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ಸಹಕಾರಿ ಬ್ಯಾಂಕುಗಳು, ಪತ್ತಿನ ಸಂಘಗಳು ವಾರ್ಷಿಕ ವರದಿಯನ್ನು ಕನ್ನಡ ಮತ್ತು ಇಂಗ್ಲಿಷಿನಲ್ಲಿ ಹೊರತರುವಾಗ ಎರಡು ಭಾಷೆಗಳಿಗೆ ಎರಡು ಪದರ ಮಾಡುವುದು ಒಳ್ಳೆಯದು. ಆದರೆ ಅಂಕಿಅಂಶಗಳ ಕೋಷ್ಟಕ ಒಂದೇ ಇರಲಿ, ಅದು ಮೂರನೆಯ ಪದರದಲ್ಲಿರಲಿ. ಶೀರ್ಷಿಕೆಗಳಿಗೆ ಎರಡು ಭಾಷೆ, ಮೊತ್ತಗಳಿಗೆ ಒಂದೇ ಚೌಕಟ್ಟು. ಕೊನೆಯ ಗಳಿಗೆಯಲ್ಲಿ ಅನುತ್ಪಾದಕ ಸಾಲದ ಮೊತ್ತ ತಿದ್ದಿದಾಗ ಕನ್ನಡ ವರದಿಯಲ್ಲಿ ಒಂದು, ಇಂಗ್ಲಿಷ್ ವರದಿಯಲ್ಲಿ ಇನ್ನೊಂದು ಸಂಖ್ಯೆ ಉಳಿಯುವ ಪ್ರಸಂಗ ಆಗ ಬರುವುದಿಲ್ಲ. ಲೆಕ್ಕಪರಿಶೋಧಕರ ವರದಿಯನ್ನು ಬೇರೆಯೇ ಪದರದಲ್ಲಿಟ್ಟು ಬೀಗ ಹಾಕಬೇಕು. ಅದರಲ್ಲಿನ 18 ಅಂಕಿ-ಅಕ್ಷರಗಳ ಯು.ಡಿ.ಐ.ಎನ್. ಸಂಖ್ಯೆಯ ಚೌಕಟ್ಟಿಗೆ ಹೆಸರಿರಲಿ. ಹಿಂದಿನ ವರ್ಷದ ಕಡತದ ಮೇಲೆಯೇ ಈ ವರ್ಷದ್ದನ್ನು ಕಟ್ಟುವುದು ಎಲ್ಲೆಡೆ ರೂಢಿ. ಹೋದ ವರ್ಷದ ಯು.ಡಿ.ಐ.ಎನ್. ಹಾಗೆಯೇ ಉಳಿದುಬಿಡುವುದು ಅತಿ ಸುಲಭ, ಪತ್ತೆಯಾಗುವುದೂ ಅಷ್ಟೇ ಸುಲಭ.

ಮುದ್ರಣಕ್ಕೆ ಕಳುಹಿಸುವ ಮುನ್ನ

ಪದರವನ್ನು ಮರೆಮಾಡುವುದೆಂದರೆ ಅಳಿಸಿದಂತಲ್ಲ. ಇದನ್ನು ಮರೆತವರಿಂದ ಗುಟ್ಟು ಹೊರಬೀಳುವ ಸಂಭವವಿದೆ. ಒಂದೇ ದರಪಟ್ಟಿಯಲ್ಲಿ ಏಜೆಂಟರ ದರವನ್ನು ಒಂದು ಪದರದಲ್ಲಿ, ಗಿರಾಕಿಗಳ ದರವನ್ನು ಇನ್ನೊಂದರಲ್ಲಿ ಇಟ್ಟು, ಒಂದನ್ನು ಮುಚ್ಚಿ ಮೂಲ ಕಡತವನ್ನೇ ಮಿಂಚಂಚೆಯಲ್ಲಿ ಕಳುಹಿಸಿದರೆ, ಪಡೆದವರು ಅದನ್ನು ತೆರೆದು ನೋಡಬಹುದು. ಪಿ.ಡಿ.ಎಫ್. ಮಾಡುವಾಗಲೂ ಪದರಗಳನ್ನು ಉಳಿಸಿಕೊಳ್ಳುವ ಒಂದು ಆಯ್ಕೆಯಿದೆ; ಮರೆಮಾಡಿದ ಪದರಗಳನ್ನೂ ಸೇರಿಸಿ ಹಾಗೆ ಮಾಡಿದರೆ ಅದೇ ಫಲ. ಇಂಡಿಸೈನಿನಲ್ಲಿ ಯಾವ ಪದರಗಳು ಹೊರಹೋಗಬೇಕೆಂದು ಆರಿಸಲು ಮೂರು ಆಯ್ಕೆಗಳಿವೆ: ಎಲ್ಲವೂ, ಕಾಣುವವು ಮಾತ್ರ, ಕಾಣುವ ಹಾಗೂ ಮುದ್ರಣವಾಗುವವು ಮಾತ್ರ. ಕೊನೆಯದನ್ನೇ ಆರಿಸಲು ತಿಳಿಸಿರಿ.

ಎರಡು ಕಡತಗಳ ನಡುವೆ ನಕಲು ಮಾಡುವಾಗ ಪದರಗಳು ಕಲಸಿಹೋಗುವುದುಂಟು. ಪದರಗಳ ಕಿಟಕಿಯ ಪಟ್ಟಿಯಲ್ಲಿ ‘ಪೇಸ್ಟ್ ರಿಮೆಂಬರ್ಸ್ ಲೇಯರ್ಸ್’ ಎಂಬ ಸೂಚನೆಯನ್ನು ಆರಿಸಿಟ್ಟರೆ, ನಕಲಿಸಿದ ಆಬ್ಜೆಕ್ಟ್ ಹೊಸ ಕಡತದಲ್ಲಿಯೂ ಅದೇ ಹೆಸರಿನ ಪದರಕ್ಕೆ ಹೋಗಿ ಕೂರುತ್ತದೆ. ಎಲ್ಲ ಕಡತಗಳಲ್ಲಿಯೂ ಒಂದೇ ಬಗೆಯ ಹೆಸರುಗಳಿದ್ದರೆ ಮಾತ್ರ ಇದರ ಪ್ರಯೋಜನ. ಹಾಗೆಂದು ಪದರಗಳನ್ನು ಅತಿಯಾಗಿ ಮಾಡುವುದೂ ಬೇಡ. ಏಳೆಂಟು ಪದರಗಳು ಸಾಕು. ಮೂವತ್ತು ಪದರಗಳ ಕಡತ ಹೆಸರಿಲ್ಲದ ಕಡತದಷ್ಟೇ ಗೊಂದಲದ್ದು.

ಕೊನೆಯದಾಗಿ ಕಡತದ ಒಡೆತನದ ಮಾತು. ಅನೇಕ ಉದ್ಯಮಿಗಳ ಬಳಿ ತಮ್ಮ ಲೇಬಲ್ಲಿನ ಪಿ.ಡಿ.ಎಫ್. ಮಾತ್ರ ಇರುತ್ತದೆ, ತಿದ್ದಲು ಬರುವ ಮೂಲ ಕಡತ ಆಪರೇಟರ ಬಳಿಯೇ ಉಳಿದಿರುತ್ತದೆ. ಅವರು ಊರು ಬಿಟ್ಟರೆ, ಹಾರ್ಡ್ ಡಿಸ್ಕ್ ಕೆಟ್ಟರೆ, ಎಲ್ಲವನ್ನೂ ಮೊದಲಿನಿಂದ ಮಾಡಿಸಬೇಕು. ಮುಂದಿನ ಬಾರಿ ಆರ್ಡರ್ ಕೊಡುವಾಗಲೇ, ಕೆಲಸ ಮುಗಿದ ಮೇಲೆ ಮೂಲ ಕಡತ, ಅದರಲ್ಲಿ ಬಳಸಿದ ಚಿತ್ರಗಳು, ಫಾಂಟುಗಳ ವಿವರ ಮತ್ತು ಪದರಗಳ ಹೆಸರಿನ ಒಂದು ಪುಟದ ಪಟ್ಟಿಯನ್ನು ತಮಗೆ ಒಪ್ಪಿಸತಕ್ಕದ್ದು ಎಂದು ಲಿಖಿತವಾಗಿ ನಮೂದಿಸಿರಿ. ಹೆಚ್ಚಿನ ಶುಲ್ಕ ಕೇಳಿದರೆ ಕೊಡಿರಿ. ಅದು ನ್ಯಾಯವಾದ ಶುಲ್ಕವೇ. ಪದರಗಳ ಪಟ್ಟಿಯ ಒಂದು ಪ್ರತಿಯನ್ನು ಪರವಾನಗಿ ಪತ್ರಗಳ ಫೈಲಿನಲ್ಲಿ ಇಡಿರಿ. ಪ್ರತಿ ಮುದ್ರಣಕ್ಕೆ ಮುಂಚೆ ಯಾವ ಪದರಗಳು ತೆರೆದಿದ್ದವು ಎಂಬುದನ್ನು ಅದರ ಮೇಲೆ ಗುರುತುಹಾಕಿ, ದಿನಾಂಕ ಸಹಿತ ರುಜು ಮಾಡಿದ ಮೇಲೆಯೇ ಪ್ಲೇಟಿಗೆ ಒಪ್ಪಿಗೆ ನೀಡಿರಿ.